ಕೊನೆಯ ಬೋಗಿಯ ದೀಪ

ನಮ್ಮ ಕೋಣೆಗೆ ಎಂಟು ಪದಗಳ ಒಂದು ಹೆಸರಿತ್ತು. ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಕಳ್ಳ ಊರು ದಾಟಿರುತ್ತಾನೆ ಎಂದು ತಮಾಷೆ ಮಾಡಿಕೊಂಡು ನಾವೆಲ್ಲ ಹಂಚಿಕೆ ಕೋಣೆ ಎನ್ನುತ್ತಿದ್ದೆವು. ನೆಲಮಹಡಿ, ಒಂದೇ ಕಿಟಕಿ, ಕಿಟಕಿಯಾಚೆ ಜೀಪು ನಿಲ್ಲಿಸುವ ಜಾಗದ ಗೋಡೆ. ನಗರ ಪೊಲೀಸರು, ರೈಲ್ವೆ ಪೊಲೀಸರು, ಗುಪ್ತದಳ, ಸುಂಕದವರು, ಈ ನಾಲ್ಕು ಕಚೇರಿಗಳಿಗೆ ಗೊತ್ತಾದ ಸಂಶಯದ ಸಂಗತಿಗಳೆಲ್ಲ ಚೀಟಿಗಳಾಗಿ ನನ್ನ ಮೇಜಿಗೆ ಬರುತ್ತಿದ್ದವು. ಒಂದು ಕಚೇರಿಯ ಚೀಟಿಗೂ ಇನ್ನೊಂದರ ಚೀಟಿಗೂ ಹೊಂದಿಕೆ ಇದೆಯೇ ಎಂದು ನೋಡುವುದು ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ.

ಈ ಕೋಣೆಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕೋಣೆ ಹುಟ್ಟುವುದಕ್ಕೆ ಮುಂಚಿನ ವರ್ಷ ಮಾರುಕಟ್ಟೆಯಲ್ಲಿ ಬಾಂಬು ಸಿಡಿದು ಹತ್ತೊಂಬತ್ತು ಜನ ಹೋಗಿದ್ದರು. ಒಂದು ಕಚೇರಿಗೆ ಬಾಂಬು ತಂದ ವ್ಯಾನಿನ ನಂಬರು ಗೊತ್ತಿತ್ತು, ಇನ್ನೊಂದಕ್ಕೆ ವ್ಯಾನು ಓಡಿಸುತ್ತಿದ್ದವನ ಮುಖ ಗೊತ್ತಿತ್ತು. ಇಬ್ಬರೂ ತಮಗೆ ಗೊತ್ತಿದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು ಕೂತಿದ್ದರು. ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೆ ಹತ್ತೊಂಬತ್ತು ಜನ ಸಂಜೆಗೆ ಮನೆ ಸೇರುತ್ತಿದ್ದರು. ಹಾಗಾಗಿ ಹೇಳಿಕೊಳ್ಳುವುದಕ್ಕೆಂದೇ ಒಂದು ಕೋಣೆ ಮಾಡಿದರು, ಅದಕ್ಕೆ ನನ್ನನ್ನು ಕೂರಿಸಿದರು.

ಕೋಣೆಯ ಪದ್ಧತಿ ಹೀಗಿತ್ತು. ಪ್ರತಿ ಚೀಟಿಗೂ ಎರಡು ಭಾಗ. ಎಡಗಡೆಯದನ್ನು ಮಡಚಿ ಅಂಟಿಸಿರುತ್ತಾರೆ, ಅದರೊಳಗೆ ಜಾಗ, ವಿಳಾಸ, ಸುದ್ದಿ ಕೊಟ್ಟ ಮೂಲ. ಬಲಗಡೆಯದು ತೆರೆದಿರುತ್ತದೆ, ಅದರಲ್ಲಿ ಬರೀ ವಿವರ. ನಾನು ಬಲಗಡೆ ಮಾತ್ರ ಓದಬೇಕು. ಮೂಲ ಯಾವುದು ಎಂದು ಯಾರೂ ಯಾರನ್ನೂ ಕೇಳುವ ಹಾಗಿಲ್ಲ, ಕೇಳಿದರೆ ಮುಂದಿನ ಸಲ ಆ ಕಚೇರಿ ಚೀಟಿಯನ್ನೇ ಕಳಿಸುವುದಿಲ್ಲ. ಒಂದೇ ಕಚೇರಿ ಹೇಳಿದ್ದಕ್ಕೆ ಬಿಳಿ ಪಟ್ಟಿ, ದೃಢಪಟ್ಟಿಲ್ಲ ಎಂದರ್ಥ. ಎರಡು ಕಚೇರಿ ಹೇಳಿದರೆ ಹಳದಿ. ಮೂರು ಕಚೇರಿ ಒಂದೇ ವಿಷಯ ಹೇಳಿದರೆ ಕೆಂಪು ಪಟ್ಟಿ ಅಂಟಿಸಿ ಅವತ್ತೇ ಸಾಹೇಬರ ಮೇಜಿಗೆ ಒಯ್ಯಬೇಕು. ವರ್ಷಕ್ಕೆ ನಾಲ್ಕೋ ಐದೋ ಕೆಂಪು ಪಟ್ಟಿ ಅಷ್ಟೆ. ಅಂಟಿಸುವಾಗ ಕೈಗೆ ಒಂಥರಾ ಹೆಮ್ಮೆ ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಈಗ ಅಣ್ಣನ ವಿಷಯ ಹೇಳಬೇಕು.

ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಹೋದಾಗ ನನಗೆ ಆರು ವರ್ಷ, ಅಣ್ಣನಿಗೆ ಹತ್ತೊಂಬತ್ತು. ಆ ವರ್ಷವೇ ಅವನಿಗೆ ರೈಲ್ವೆ ಗೇಟು ಕಾಯುವ ಕೆಲಸ ಸಿಕ್ಕಿತು. ಗೇಟಿನ ಪಕ್ಕದ ಎರಡು ಕೋಣೆಯ ಮನೆಯಲ್ಲಿ ನಾನು ಬೆಳೆದೆ. ನನ್ನ ಒಂದು ಜಡೆ ಪ್ಯಾಸೆಂಜರ್ ಗಾಡಿ ಬರುವುದಕ್ಕೆ ಮುಂಚೆ ಹೆಣೆಯುತ್ತಿದ್ದ, ಇನ್ನೊಂದು ಗೂಡ್ಸ್ ಹೋದ ಮೇಲೆ. ಗೂಡ್ಸ್ ತಡವಾದ ದಿನ ಒಂದೇ ಜಡೆಯಲ್ಲಿ ಶಾಲೆಗೆ ಹೋಗಿದ್ದೂ ಉಂಟು. ಗೇಟಿನ ರಿಜಿಸ್ಟರಿನಲ್ಲಿ ಪ್ರತಿ ರೈಲು ದಾಟಿದ ಹೊತ್ತು ಬರೆದು, ಸಾಲಿನ ಕೊನೆಗೆ ಕೆಂಪು ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದ. ಅದು ಯಾಕೆ ಎಂದು ಕೇಳಿದ್ದೆ. ರೈಲಿನ ಕೊನೆಯ ಬೋಗಿಯ ಹಿಂದೆ ಒಂದು ಕೆಂಪು ದೀಪ ಇರುತ್ತದೆ, ಅದು ಕಣ್ಣಿಗೆ ಬಿದ್ದರೇನೇ ರೈಲು ಪೂರ್ತಿ ಹೋಯಿತು ಎಂದರ್ಥ, ಎಂದಿದ್ದ. ದೀಪ ಕಾಣಲಿಲ್ಲವೋ, ಎಲ್ಲೋ ನಡುವೆ ಬೋಗಿ ಕಳಚಿಕೊಂಡು ಹಳಿ ಮೇಲೆ ನಿಂತಿದೆ, ಹಿಂದಿನಿಂದ ಬರುವ ಗಾಡಿ ಅದಕ್ಕೆ ಗುದ್ದುತ್ತದೆ. "ಶಬ್ದ ನಿಂತ ತಕ್ಷಣ ಹೋಯ್ತು ಅಂತ ಬರೀಬಾರದು ಪುಟ್ಟಿ, ದೀಪ ನೋಡಿ ಬರೀಬೇಕು," ಎನ್ನುತ್ತಿದ್ದ.

ಮೂವತ್ತೆಂಟು ವರ್ಷ ಅಷ್ಟು ಹತ್ತಿರದಿಂದ ಹಾರನ್ ಕೇಳಿ ಕೇಳಿ ಅವನ ಕಿವಿ ಹೋಯಿತು. ಗೇಟು ತೆಗೆದು ಅದರ ಮೇಲೆ ಸೇತುವೆ ಕಟ್ಟಿದರು, ಅಣ್ಣ ನಿವೃತ್ತನಾದ. ಅತ್ತಿಗೆ ತೀರಿಕೊಂಡ ಮೇಲೆ, ಮಕ್ಕಳಿಲ್ಲದವನು, ನನ್ನ ಮನೆಗೆ ಬಂದ. ನಾನೂ ಒಂಟಿಯೇ. ನನ್ನ ಮನೆ ಆ ಸೇತುವೆಗೆ ಹತ್ತು ನಿಮಿಷದ ದಾರಿ. ಬಂದ ಮಾರನೆಯ ದಿನದಿಂದಲೇ ಬೆಳಗಿನ ಚಹಾ ಕುಡಿದು, ಬೂದು ಬಣ್ಣದ ಮಫ್ಲರ್ ಸುತ್ತಿಕೊಂಡು, ಒಂದು ನೋಟುಬುಕ್ಕು ಹಿಡಿದು ಸೇತುವೆಗೆ ಹೊರಡತೊಡಗಿದ. ಮೇಲೆ ನಿಂತು, ಕೆಳಗೆ ಹೋಗುವ ಪ್ರತಿ ರೈಲಿನ ಹೊತ್ತು ಬರೆದುಕೊಳ್ಳುವುದು, ಕೊನೆಗೊಂದು ಕೆಂಪು ಚುಕ್ಕೆ. ಊಟಕ್ಕೆ ಬರುವುದು, ಮತ್ತೆ ಹೋಗುವುದು. ನಾಲ್ಕು ವರ್ಷಕ್ಕೆ ಇಪ್ಪತ್ತಾರು ನೋಟುಬುಕ್ಕು ತುಂಬಿದ್ದವು.

ಆಫೀಸಿನಲ್ಲಿ ನಾನು ನನ್ನಣ್ಣ ರೈಲ್ವೆಯಲ್ಲಿ ಅಧಿಕಾರಿ ಎಂದು ಹೇಳಿಕೊಂಡಿದ್ದೆ. ಯಾಕೆ ಹೇಳಿದೆ ಎಂದರೆ, ಹೊಸದಾಗಿ ಸೇರಿದ ವಾರ ಎಲ್ಲರೂ ತಮ್ಮ ತಮ್ಮ ಮನೆತನದ ದೊಡ್ಡಸ್ತಿಕೆ ಬಿಚ್ಚುತ್ತಿದ್ದರು, ನನ್ನ ಬಾಯಿಂದಲೂ ಬಂದುಬಿಟ್ಟಿತು. ಒಮ್ಮೆ ಬಂದ ಮೇಲೆ ವಾಪಸು ನುಂಗುವುದು ಹೇಗೆ? ಹದಿನಾಲ್ಕು ವರ್ಷ ಹಾಗೇ ನಡೆಸಿಕೊಂಡು ಬಂದೆ.

ರೈಲ್ವೆ ಪೊಲೀಸರ ಕಡೆಯಿಂದ ನಮ್ಮ ಕೋಣೆಯಲ್ಲಿ ಕೂರುತ್ತಿದ್ದವನಿಗೆ ಸೀಟಿ ಎಂದು ಅಡ್ಡಹೆಸರು. ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟುಕೊಂಡು ಮಾತಾಡುತ್ತಿದ್ದ. ಕೆಟ್ಟವನಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ ಕೇಳಿದ.

"ನಿಮ್ಮ ಮನೆ ಕಡೆ ಸೇತುವೆ ಮೇಲೆ ಒಬ್ಬ ಮುದುಕ ನಿಂತಿರ್ತಾನಲ್ಲ ಮೇಡಂ, ಕತ್ತಿಗೆ ಮಫ್ಲರ್ ಸುತ್ಕೊಂಡು. ಬಸ್ಸಲ್ಲಿ ಬರ್ತಾ ಎರಡು ಮೂರು ಸಲ ನೋಡಿದೆ. ಯಾರದು?"

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಪಕ್ಕದ ಮೇಜಿನವರೂ ತಲೆ ಎತ್ತಿದ್ದರು.

"ಯಾರೋ," ಎಂದೆ.

"ನಿಮ್ಮ ಬೀದಿಯವನಲ್ವಾ?"

"ನಮ್ಮ ಬೀದೀಲೇ ಎಲ್ಲೋ ಇರೋದು. ದಿನಾ ಬರ್ತಾನೆ. ಹೋಗೋ ಬರೋ ರೈಲಿನ ಹೊತ್ತೆಲ್ಲ ಬರ್ಕೋತಾನೆ. ತಲೆ ಸ್ವಲ್ಪ ಸರಿಯಿಲ್ಲ ಅನ್ಸುತ್ತೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಮಾತು ಬಸ್ಸಿನ ನೂಕುನುಗ್ಗಲಿನ ಕಡೆ ಹೋಯಿತು. ನಾನು ಡಬ್ಬಿ ತೊಳೆದಿಟ್ಟೆ. ಅದರೊಳಗಿದ್ದ ಊಟ ಬೆಳಿಗ್ಗೆ ಅಣ್ಣನೇ ಕಟ್ಟಿಕೊಟ್ಟದ್ದು.

ಸೀಟಿಗೆ ತಿಂಗಳಿಗೆ ಹನ್ನೆರಡು ಚೀಟಿ ಕಳಿಸಲೇಬೇಕೆಂಬ ಕಟ್ಟುಪಾಡು. ಆ ತಿಂಗಳು ಹನ್ನೊಂದಾಗಿತ್ತು. ನನ್ನ ಮಾತನ್ನು ಹನ್ನೆರಡನೆಯದು ಮಾಡಿ ತನ್ನ ಮೇಲಿನ ಕಚೇರಿಗೆ ಕಳಿಸಿದ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಅಲ್ಲಿನವರು ಅದನ್ನು ಕಚೇರಿಯ ಭಾಷೆಗೆ ತಿದ್ದಿ ನಮ್ಮ ಕೋಣೆಗೊಂದು ಚೀಟಿ ಹಾಕಿ, ನಗರ ಪೊಲೀಸರ ಕಿವಿಗೂ ಹಾಕಿದರು. ನಗರ ಪೊಲೀಸರು ತಾವೇ ಕಂಡುಹಿಡಿದ ಹಾಗೆ ಇನ್ನೊಂದು ಚೀಟಿ ಬರೆದರು, ಗುಪ್ತದಳಕ್ಕೂ ತಿಳಿಸಿದರು. ಗುಪ್ತದಳದವರು ಯಾರಿಗೂ ಕಡಿಮೆಯಿಲ್ಲ, ಮೂರನೆಯದನ್ನು ಬರೆದರು. ನಕಲು ಮಾಡಿದ್ದು ಗೊತ್ತಾಗಬಾರದೆಂದು ಪ್ರತಿಯೊಬ್ಬರೂ ಪದ ಬದಲಿಸುತ್ತಾರೆ. ಈ ವಿದ್ಯೆಯಲ್ಲಿ ನಮ್ಮ ಕಚೇರಿಗಳನ್ನು ಮೀರಿಸುವವರಿಲ್ಲ.

ಮೊದಲ ಚೀಟಿ ಬಂದಾಗ ಹೀಗಿತ್ತು: ರೈಲು ಸಂಚಾರದ ಮೇಲೆ ವ್ಯಕ್ತಿಯೊಬ್ಬನು ನಿರಂತರ ನಿಗಾ ಇಟ್ಟಿರುವುದು ಕಂಡುಬಂದಿದೆ. ಬಿಳಿ ಪಟ್ಟಿ ಅಂಟಿಸಿದೆ. ಹತ್ತು ದಿನದ ಮೇಲೆ ಎರಡನೆಯದು: ಎತ್ತರದ ಆಯಕಟ್ಟಿನ ಸ್ಥಳದಿಂದ ರೈಲುಗಳ ವೇಳೆ ಸಂಗ್ರಹಿಸಲಾಗುತ್ತಿದೆ, ಗುರುತು ಸಿಗದಂತೆ ವ್ಯಕ್ತಿಯು ಬಟ್ಟೆ ಸುತ್ತಿಕೊಂಡಿರುತ್ತಾನೆ. ಹಳದಿ. ಮೂರನೆಯದು ಗುಪ್ತದಳದ್ದು: ಸಂಗ್ರಹಿಸಿದ ಮಾಹಿತಿಯನ್ನು ಬೇರೆಯವರಿಗೆ ತಲುಪಿಸುತ್ತಿರುವ ಸಾಧ್ಯತೆ, ಮಾನಸಿಕ ಅಸ್ವಸ್ಥನಂತೆ ನಟನೆ, ಮೂಲ ನಂಬಲರ್ಹ.

ನಂಬಲರ್ಹ ಮೂಲ ಎಂದರೆ ನಾನು, ಕೈಯಲ್ಲಿ ಊಟದ ತುತ್ತು ಹಿಡಿದುಕೊಂಡು.

ಓದುವಾಗ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ನಾನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ಇಲ್ಲ, ಹೊಳೆಯಲಿಲ್ಲ. ದಿನಕ್ಕೆ ನಲವತ್ತು ಚೀಟಿ ಓದುವವಳಿಗೆ ಚೀಟಿಯೊಳಗಿನ ವ್ಯಕ್ತಿಗೆ ಮುಖ ಇರುವುದಿಲ್ಲ, ಮನೆ ಇರುವುದಿಲ್ಲ, ಅವನು ಯಾರಿಗೂ ಅಣ್ಣನಾಗಿರುವುದಿಲ್ಲ. ಆ ವರ್ಷ ಒಂದೂ ಕೆಂಪು ಪಟ್ಟಿ ಬಿದ್ದಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ಉಗುರಿನಲ್ಲಿ ಪಟ್ಟಿಯ ಹಿಂದಿನ ಕಾಗದ ಬಿಡಿಸಿ, ಗಾಳಿ ನಿಲ್ಲದ ಹಾಗೆ ನೀಟಾಗಿ ಒತ್ತಿ ಅಂಟಿಸಿ, ಸಾಹೇಬರ ಮೇಜಿನ ಮೇಲಿಟ್ಟೆ. "ಶಹಬ್ಬಾಸ್," ಎಂದರು ಸಾಹೇಬರು.

ಎರಡು ದಿನ ಕಳೆದು ಬುಧವಾರ ಸಂಜೆ ಮನೆಗೆ ಬಂದಾಗ ಬಾಗಿಲಿಗೆ ಬೀಗ. ಆ ಹೊತ್ತಿಗೆ ಅಣ್ಣ ಚಹಾ ಮಾಡಿ ಮುಚ್ಚಿಟ್ಟಿರುತ್ತಿದ್ದ. ಸೇತುವೆಗೆ ಓಡಿದೆ, ಇರಲಿಲ್ಲ. ಆಸ್ಪತ್ರೆಗಳಿಗೆ ಹೋದೆ. ಠಾಣೆಗೆ ಹೋಗಿ ಕಾಣೆಯಾಗಿದ್ದಾರೆ ಎಂದು ಬರೆಸಿದೆ: ಅರವತ್ತೈದು ವರ್ಷ, ಕಿವಿ ಕೇಳುವುದಿಲ್ಲ, ಕಂದು ಸ್ವೆಟರು, ಬೂದು ಮಫ್ಲರು. ಬರೆದುಕೊಂಡ ಪೇದೆ ಮರ್ಯಾದೆಯಿಂದಲೇ ಮಾತಾಡಿಸಿದ. "ಎಲ್ಲಾ ಕಚೇರಿಗೂ ಹೋಗುತ್ತೆ ಮೇಡಂ, ನಿಮಗೇ ಗೊತ್ತಲ್ಲ," ಎಂದ.

ನನಗೇ ಗೊತ್ತು. ಮಾರನೆಯ ಬೆಳಿಗ್ಗೆ ನಾನೇ ಬರೆಸಿದ ಆ ಕಾಗದ ನನ್ನ ಮೇಜಿಗೇ ಬಂತು, ಕಾಣೆಯಾದವರ ಟ್ರೇಗೆ. ಅದರ ಪಕ್ಕದಲ್ಲಿ ಒಂದು ಗೇಣು ದೂರಕ್ಕೆ ಸಂಶಯದ ಟ್ರೇ. ಕಾಣೆಯಾದವರ ಚೀಟಿ ಆಸ್ಪತ್ರೆಗೂ ಆಶ್ರಮಗಳಿಗೂ ಹೋಗುತ್ತದೆ, ಸಂಶಯದ್ದು ಗುಪ್ತದಳಕ್ಕೆ. ಆ ಎರಡು ಟ್ರೇಗಳನ್ನು ಹೊಂದಿಸಿ ನೋಡಬೇಕೆಂದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ನಾನು ಅವತ್ತು ನೂರು ಸಲ ಕಾಣೆಯಾದವರ ಟ್ರೇ ನೋಡಿದೆ. ಪಕ್ಕದ ಟ್ರೇಯನ್ನು ಕೆಲಸ ಎಂದುಕೊಂಡು ಮುಗಿಸಿದೆ.

ಶುಕ್ರವಾರ ಹನ್ನೊಂದು ಗಂಟೆಗೆ ಗುಪ್ತದಳದಿಂದ ಎಲ್ಲ ಕಚೇರಿಗಳಿಗೂ ಒಂದು ಟಿಪ್ಪಣಿ ಬಂತು. ಕೆಂಪು ಪಟ್ಟಿಯ ವ್ಯಕ್ತಿಯನ್ನು ವಶಕ್ಕೆ ಪಡೆಯಲಾಗಿದೆ. ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ. ಕೇಳುವವರ ಬಾಯಿಯನ್ನೇ ದಿಟ್ಟಿಸುತ್ತಾನೆ, ತರಬೇತಿ ಪಡೆದಿರುವ ಸಾಧ್ಯತೆ. ವಶಪಡಿಸಿಕೊಂಡ ಪುಸ್ತಕದಲ್ಲಿ ಪ್ರತಿ ಸಾಲಿನ ಕೊನೆಗೂ ಕೆಂಪು ಚುಕ್ಕೆಯಿದೆ. ಗುಂಪಿನ ಸಂಕೇತವಿರಬಹುದು, ಅರ್ಥ ತಿಳಿದವರು ಹಂಚಿಕೊಳ್ಳುವುದು.

ಹಾಳೆ ತಿರುಗಿಸಿದೆ. ಪುಸ್ತಕದ ಒಂದು ಪುಟದ ನಕಲು ಅಂಟಿಸಿದ್ದರು. ನಕಲಿನಲ್ಲಿ ಚುಕ್ಕೆಗಳೆಲ್ಲ ಕಪ್ಪಗಿದ್ದವು. ಅಂಕಿಗಳು ಅಣ್ಣನವು. ಆ ಏಳು, ಆ ಒಂಬತ್ತು ನೋಡಿಕೊಂಡೇ ನಾನು ಅಂಕಿ ಬರೆಯುವುದನ್ನು ಕಲಿತವಳು.

ಸಾಹೇಬರ ಕೋಣೆಗೆ ಹೇಗೆ ಹೋದೆನೋ ಗೊತ್ತಿಲ್ಲ.

"ಸರ್, ಅದು ನಮ್ಮಣ್ಣ."

"ಯಾವುದು?"

"ಕೆಂಪು ಪಟ್ಟಿ. ಅವರಿಗೆ ಕಿವಿ ಕೇಳ್ಸಲ್ಲ ಸರ್, ಅದಕ್ಕೇ ಬಾಯಿ ನೋಡ್ತಾರೆ. ರೈಲ್ವೆ ಗೇಟು ಕಾಯ್ತಿದ್ರು. ಚುಕ್ಕೆ ಅಂದ್ರೆ ಕೊನೇ ಬೋಗಿ ದೀಪ ನೋಡಿದೀನಿ ಅಂತ, ಅಷ್ಟೇ."

ಸಾಹೇಬರು ಕನ್ನಡಕ ತೆಗೆದರು. "ನಿಮ್ಮಣ್ಣ ಅಧಿಕಾರಿ ಅಂತಿದ್ರಲ್ಲ."

"ಸುಳ್ಳು ಹೇಳಿದ್ದೆ."

ಅವರು ಕನ್ನಡಕ ಒರೆಸಿ ಹಾಕಿಕೊಂಡರು. ಆಮೇಲೆ, "ಆದ್ರೆ ಮೂರು ಕಚೇರಿ ಹೇಳಿದೆ ಮೇಡಂ," ಎಂದರು.

"ಮೂರೂ ನಾನೇ ಸರ್. ಊಟಕ್ಕೆ ಕೂತಾಗ ಯಾರೋ ಅಂತ ಹೇಳಿದ್ದೆ. ಮಫ್ಲರು, ಹೊತ್ತು ಬರ್ಕೊಳ್ಳೋದು, ತಲೆ ಸರಿಯಿಲ್ಲ ಅಂದಿದ್ದು, ಎಲ್ಲಾ ನನ್ನ ಮಾತೇ. ಮೂರು ಚೀಟೀಲೂ ಅದೇ ಇದೆ, ನೋಡಿ."

"ನೀವು ಅವರ ತಂಗಿ," ಎಂದರು ಸಾಹೇಬರು, ಗದರಿಸುವ ಹಾಗಲ್ಲ, ಬೇಸರದಿಂದ. "ತಂಗಿ ಮಾತನ್ನ ಅವರು ಹೇಗೆ ನಂಬ್ತಾರೆ?"

ಯಾರೋ ಎಂದಾಗ ಮೂರು ಕಚೇರಿಗಳು ನಂಬಿದವು. ಅಣ್ಣ ಎಂದಾಗ ಒಬ್ಬರೂ ನಂಬಲಿಲ್ಲ. ಇದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಸಾಹೇಬರು ಕೈಲಾದದ್ದು ಮಾಡಿದರು, ಇಲ್ಲವೆನ್ನಲಾರೆ. ಗುಪ್ತದಳಕ್ಕೆ ಫೋನು ಮಾಡಿದರು. ನಗರ ಪೊಲೀಸರು ಬರಹದಲ್ಲಿ ಹಿಂತೆಗೆದುಕೊಂಡರೆ ನಾವೂ ಹಿಂತೆಗೆದುಕೊಳ್ಳುತ್ತೇವೆ ಎಂದರು ಅವರು. ನಗರ ಪೊಲೀಸರು ರೈಲ್ವೆಯವರ ಕಡೆ ಕೈ ತೋರಿಸಿದರು. ರೈಲ್ವೆಯವರು, ನಿಮ್ಮ ಕೋಣೆಯಲ್ಲಿ ಕೂರುವ ನಮ್ಮವನನ್ನೇ ಕೇಳಿ ಎಂದರು. ಸುದ್ದಿ ಹೋದ ದಾರಿಯಲ್ಲೇ ಅಡಿ ಅಡಿಯಾಗಿ ವಾಪಸು ಬರಬೇಕಿತ್ತು, ಪ್ರತಿ ಮೆಟ್ಟಿಲಿಗೂ ಒಂದು ಸಹಿ. ನಡುವೆ ಶನಿವಾರ ಭಾನುವಾರ ಬಂತು. ಹೋಗುವಾಗ ಸುದ್ದಿಗೆ ರಜೆ ಅಡ್ಡ ಬಂದಿರಲಿಲ್ಲ.

ಸೋಮವಾರ ಬಂದ ಸೀಟಿಗೆ ವಿಷಯ ಹೇಳಿದೆ. "ಒಂದು ಮಾತು ನಮ್ಮಣ್ಣ ಅಂದಿದ್ರೆ ಮುಗೀತಿತ್ತಲ್ಲ ಮೇಡಂ," ಎಂದ. "ನಮ್ಮಪ್ಪನೂ ರೈಲ್ವೇಲೇ, ಗ್ಯಾಂಗ್‌ಮನ್. ಹಳಿ ರಿಪೇರಿ ಮಾಡ್ತಿದ್ರು."

ಹದಿನಾಲ್ಕು ವರ್ಷ ನಾನು ಯಾರ ಮುಂದೆ ಮಾನ ಉಳಿಸಿಕೊಂಡಿದ್ದೆನೋ ಅವನು ಇವನು. ಸೀಟಿ ತನ್ನ ಕಾಗದ ಬರೆದು ಸಹಿ ಹಾಕಿದ. ನಾನು ಸುದ್ದಿಯ ಮೂಲ ನಾನೇ ಎಂದು ಬರೆದು ಸಹಿ ಹಾಕಿದೆ. ಒಂದು ರೈಲ್ವೆ ಪಿಂಚಣಿ ಪಟ್ಟಿ ತೆಗೆದು ನೋಡಿದ್ದರೆ ಅರ್ಧ ಗಂಟೆಯಲ್ಲಿ ಅಣ್ಣ ಯಾರೆಂದು ಗೊತ್ತಾಗುತ್ತಿತ್ತು. ಆದರೆ ಪಿಂಚಣಿಯವರು ನಮ್ಮ ನಾಲ್ಕು ಕಚೇರಿಗಳಲ್ಲಿ ಒಬ್ಬರಲ್ಲ. ಮೂರು ಕಚೇರಿಯ ಸಹಿಗಳೂ ಸೇರುವ ಹೊತ್ತಿಗೆ ಮುಂದಿನ ಶುಕ್ರವಾರವಾಗಿತ್ತು.

ಹಿಂದಿನ ಗೇಟಿನಿಂದ ಬಿಟ್ಟರು. ಒಂಬತ್ತು ದಿನಕ್ಕೆ ಅಣ್ಣ ಅರ್ಧವಾಗಿದ್ದ. ಹೊಡೆದಿರಲಿಲ್ಲ. ತಣ್ಣನೆಯ ನೆಲದ ಮೇಲೆ ಮಲಗಿಸಿದ್ದರು, ಕೆಮ್ಮುತ್ತಿದ್ದ. ಮಫ್ಲರು ಅವರ ಹತ್ತಿರವೇ ಉಳಿದಿತ್ತು. ನನ್ನನ್ನು ನೋಡಿದವನೇ ಕೇಳಿದ್ದು ಒಂದೇ.

"ನೋಟುಬುಕ್ಕು ಕೊಟ್ರಾ?"

ಕೊಟ್ಟಿರಲಿಲ್ಲ. ನಾನು ತಂಗಿ ಎಂದು ಗೊತ್ತಾದ ಮೇಲೆ ಮನೆಗೆ ಬಂದು, ಅಲ್ಲಿದ್ದ ಇಪ್ಪತ್ತಾರನ್ನೂ ಹುಡುಕಾಡಿ ಒಯ್ದಿದ್ದರು, ಒಂದೊಂದು ಒಂದೊಂದು ಕಚೇರಿಗೆ ಹೋಗಿ ಹಂಚಿಹೋಗಿದ್ದವು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೆವು. ಈಗ ಹೇಳದಿದ್ದರೆ ಎಂದೂ ಹೇಳುವುದಿಲ್ಲ ಎನಿಸಿತು.

"ಅಣ್ಣಾ, ಹೇಳಿದ್ದು ನಾನೇ," ಎಂದೆ.

ಅವನು ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಬಗ್ಗಿದ. "ಏನು? ಜೋರಾಗಿ ಹೇಳು ಪುಟ್ಟಿ."

ಸುತ್ತ ಏಳೆಂಟು ಜನ ನಿಂತಿದ್ದರು. ಒಂದು ಹೆಂಗಸು ನಮ್ಮ ಕಡೆ ತಿರುಗಿ ನೋಡಿದಳು.

"ಹಸಿವಾಗಿದ್ಯಾ ಅಂದೆ," ಎಂದು ಕೂಗಿದೆ.

"ಇಲ್ಲ," ಎಂದ.

ಮನೆಗೆ ಬಂದ ಮೇಲೆ ಚಹಾ ಕುಡಿಯುತ್ತಾ ತಾನೇ ಆ ವಿಷಯ ತೆಗೆದ. "ನಮ್ಮ ಬೀದಿಯೋರೇ ಯಾರೋ ಹೇಳಿದ್ದಂತೆ. ಒಬ್ಬ ಪೇದೆ ಕೊನೇ ದಿನ ಕಾಗದದಲ್ಲಿ ಬರೆದು ತೋರಿಸ್ದ. ಒಳ್ಳೆಯವನು."

ನಾನು ಒಲೆ ಕಡೆ ತಿರುಗಿ ನಿಂತಿದ್ದೆ.

"ಪಾಪ, ಹೆದರಿರ್ತಾರೆ," ಎಂದ ಅಣ್ಣ. "ತಪ್ಪೇನಿಲ್ಲ. ಹಳಿ ಹತ್ರ ಯಾರಾದ್ರೂ ಸುಮ್ನೆ ನಿಂತಿದ್ರೆ ನಾನೂ ಸ್ಟೇಷನ್ನಿಗೆ ಫೋನ್ ಮಾಡ್ತಿದ್ದೆ. ಆದ್ರೆ ಮೊದ್ಲು ಹತ್ರ ಹೋಗಿ, ಯಾರಪ್ಪಾ ನೀನು ಅಂತ ಒಂದು ಮಾತು ಕೇಳ್ತಿದ್ದೆ. ಅದೊಂದನ್ನ ಯಾರೂ ಕೇಳ್ಲಿಲ್ಲ."

ಆಮೇಲೆ ಹೇಳುವುದಕ್ಕೆ ನನಗೆ ನಾಲ್ಕು ತಿಂಗಳಿತ್ತು. ಬರೆದು ತೋರಿಸಬಹುದಿತ್ತು, ಕೂಗಬೇಕಾಗಿಯೇ ಇರಲಿಲ್ಲ. ದಿನಾ ಆಫೀಸಿಗೆ ಹೋಗುವ ಮುನ್ನ ಇವತ್ತು ಸಂಜೆ ಬರೆದು ತೋರಿಸುತ್ತೇನೆ ಎಂದುಕೊಳ್ಳುತ್ತಿದ್ದೆ. ಸಂಜೆ ಅವನು ಆ ಬೀದಿಯವರು ಯಾರಿರಬಹುದೆಂದು ಒಂದು ದಿನವೂ ಊಹೆ ಮಾಡದೆ, ನನ್ನ ತಟ್ಟೆಗೆ ಬಡಿಸಿ, ಕಾಲು ನೋವು ಹೇಗಿದೆ ಎಂದು ಕೇಳುತ್ತಿದ್ದ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಅವನು ಮತ್ತೆ ಸೇತುವೆಗೆ ಹೋಗಲಿಲ್ಲ. ಹೊಸ ನೋಟುಬುಕ್ಕು, ಹೊಸ ಕೆಂಪು ಪೆನ್ಸಿಲು ತಂದು ಮೇಜಿನ ಮೇಲಿಟ್ಟೆ. "ಇರಲಿ, ಆಮೇಲೆ ನೋಡೋಣ," ಎಂದ. ರಜೆಯ ದಿನ ನಾನು ಮನೆಯಲ್ಲಿದ್ದಾಗ ಗಮನಿಸುತ್ತಿದ್ದೆ. ರೈಲಿನ ಶಬ್ದ ಅವನಿಗೆ ಕೇಳದು, ಆದರೆ ಗೂಡ್ಸ್ ಹೋದಾಗ ನಮ್ಮ ನೆಲ ಸಣ್ಣಗೆ ನಡುಗುತ್ತದೆ. ನಡುಗಿದ ಕೂಡಲೇ ಅಂಗೈಯನ್ನು ಮೇಜಿಗೆ ಒತ್ತಿ, ಗಡಿಯಾರ ನೋಡುತ್ತಿದ್ದ. ಇನ್ನೊಂದು ಕೈ ಜೇಬಿನ ಪೆನ್ನಿಗೆ ಹೋಗಿ ಬರಿಗೈಯಾಗಿ ವಾಪಸು ಬರುತ್ತಿತ್ತು. ಕೆಮ್ಮು ಮಾತ್ರ ಬಿಡಲಿಲ್ಲ.

ಒಂದು ಮಧ್ಯಾಹ್ನ ಆಫೀಸಿಗೆ ಪಕ್ಕದ ಮನೆಯಾಕೆಯ ಫೋನು ಬಂತು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕುರ್ಚಿಯಲ್ಲೇ ಕೂತಿದ್ದ, ಅಂಗೈ ಮೇಜಿನ ಮೇಲಿತ್ತು. ಡಾಕ್ಟರು ಎದೆಯಲ್ಲಿ ಕಫ ಕಟ್ಟಿ ಹೃದಯ ಸೋತಿತು ಎಂದರು. ಅದಕ್ಕೆ ಯಾರು ಕಾರಣ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ನನ್ನ ಕೆಲಸ ಹೋಗಲಿಲ್ಲ. ಹೋಗಿದ್ದರೆ ಒಳ್ಳೆಯದಿತ್ತು. ಸಾಹೇಬರು ನನ್ನ ಹೇಳಿಕೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅದು ಹೊರಗೆ ಬಂದರೆ ಹಿಂದಿನ ಕೆಂಪು ಪಟ್ಟಿಗಳನ್ನೆಲ್ಲ ಜನ ಕೆದಕುತ್ತಾರೆ ಎಂಬ ಭಯ. ಅಣ್ಣನ ಮೇಲಿನ ಚೀಟಿಗಳ ನಮ್ಮ ಕೋಣೆಯ ಪ್ರತಿಯನ್ನು ಹರಿದು ಹಾಕಿದರು. ಬೇರೆ ಕಚೇರಿಗಳಲ್ಲಿ ಇರುವ ಪ್ರತಿಗಳ ಗತಿ ಏನು ಎಂದೆ. ಅವರಿಗೂ ಹೇಳ್ತೀನಿ ಬಿಡಿ ಎಂದರು. ಹೇಳಿದರೋ ಇಲ್ಲವೋ.

ಅಣ್ಣ ಹೋಗಿ ಮೂರು ವಾರವಾಗಿತ್ತು. ಮಂಗಳವಾರ ಬೆಳಿಗ್ಗೆ ಗುಪ್ತದಳದಿಂದ ಬಂದ ಚೀಟಿಗಳಲ್ಲಿ ಮೇಲಿನದನ್ನು ಎತ್ತಿಕೊಂಡೆ. ಈ ಹಿಂದೆ ಗುರುತಿಸಲಾಗಿದ್ದ, ರೈಲು ಸಂಚಾರದ ಮೇಲೆ ನಿಗಾ ಇಡುತ್ತಿದ್ದ ವ್ಯಕ್ತಿಯು ಕಳೆದ ಕೆಲವು ತಿಂಗಳಿಂದ ಸ್ಥಳದಲ್ಲಿ ಕಾಣಿಸುತ್ತಿಲ್ಲ. ನೆಲೆ ಬದಲಾಯಿಸಿರುವ ಸಾಧ್ಯತೆ. ಈಗ ಎಲ್ಲಿದ್ದಾನೆ ಎಂಬ ಬಗ್ಗೆ ಯಾವುದೇ ಕಚೇರಿಯಲ್ಲಿ ಮಾಹಿತಿಯಿದ್ದಲ್ಲಿ ಹಂಚಿಕೊಳ್ಳುವುದು.

ಸುಮಾರು ಹೊತ್ತು ಅದನ್ನು ಹಿಡಿದುಕೊಂಡು ಕೂತಿದ್ದೆ. ಕಿಟಕಿಯಾಚೆ ಯಾರೋ ಜೀಪು ಹಿಂದಕ್ಕೆ ತೆಗೆಯುತ್ತಿದ್ದರು. ಸಿಟ್ಟು ಬಂತು, ಅಳು ಬಂತು, ಎರಡೂ ಒಂದರ ಮೇಲೊಂದು ಬಂದು ಒಂದೂ ಪೂರ್ತಿಯಾಗಲಿಲ್ಲ. ಇವರ ಪುಸ್ತಕದಲ್ಲಿ ನನ್ನಣ್ಣ ಇನ್ನೂ ನಡೆದಾಡುತ್ತಿದ್ದಾನೆ, ಇನ್ನೂ ಯಾರೋ ಆಗಿದ್ದಾನೆ.

ಖಾಲಿ ಚೀಟಿಯೊಂದನ್ನು ತೆಗೆದುಕೊಂಡೆ. ನಮ್ಮ ಕೋಣೆ ತಾನಾಗಿ ಚೀಟಿ ಬರೆಯುವ ಪದ್ಧತಿಯಿಲ್ಲ, ನಾನು ಬರೆದೆ. ಕಚೇರಿ ಎಂಬಲ್ಲಿ ಮನೆ ಎಂದು ಬರೆದೆ. ಮೂಲ ಎಂಬಲ್ಲಿ ತಂಗಿ ಎಂದು ಬರೆದೆ. ಎಡಗಡೆಯ ಭಾಗವನ್ನು ಮಡಚಲಿಲ್ಲ, ಅಂಟಿಸಲಿಲ್ಲ, ಬೇಕಾದವರು ಓದಿಕೊಳ್ಳಲಿ. ವಿವರ ಎಂಬಲ್ಲಿ ಹೀಗೆ ಬರೆದೆ: ಇವರು ನನ್ನ ಅಣ್ಣ. ಮೂವತ್ತೆಂಟು ವರ್ಷ ರೈಲ್ವೆ ಗೇಟು ಕಾದರು. ಯಾರಿಗೂ ಏನೂ ತಲುಪಿಸುತ್ತಿರಲಿಲ್ಲ. ಕಳೆದ ತಿಂಗಳು ಹದಿನೇಳನೇ ತಾರೀಕು ಮಧ್ಯಾಹ್ನ ತೀರಿಕೊಂಡಿದ್ದಾರೆ.

ಸೀಟಿ ತನ್ನ ಮೇಜಿನಿಂದ ಎದ್ದು ಬಂದು ಹೆಗಲ ಮೇಲಿಂದ ಓದಿ, ವಾಪಸು ಹೋಗಿ ಕೂತ.

ಸಾಲಿನ ಕೊನೆಗೆ ಒಂದು ಕೆಂಪು ಚುಕ್ಕೆ ಇಡೋಣವೆಂದು ಕೈ ಡ್ರಾಯರಿನ ಕಡೆ ಹೋಯಿತು. ಆದರೆ ನಮ್ಮ ಕೋಣೆಯಲ್ಲಿ ಕೆಂಪು ಎಂದರೆ ಮೂರು ಕಚೇರಿಗಳು ಹೇಳಿರಬೇಕು. ನನ್ನ ಹತ್ತಿರ ಇದ್ದದ್ದು ಒಂದೇ ಮೂಲ. ಬಿಳಿ ಪಟ್ಟಿ ಬಿಡಿಸಿ ಅಂಟಿಸಿ, ಚೀಟಿಯನ್ನು ದೃಢಪಡದವುಗಳ ಟ್ರೇಗೆ ಹಾಕಿದೆ.